ಹತ್ತು ವರ್ಷದ ವಾರಂಟಿ, ನಾಲ್ಕು ತಿಂಗಳ ಗುಳ್ಳೆ

ನಮ್ಮ ಸೋದರಮಾವನಿಗೆ ಬೀದಿಯವರು ಇಟ್ಟ ಹೆಸರು ಸಂಶಯಪ್ಪ. ತರಕಾರಿಯವನ ತಕ್ಕಡಿ ಸರಿಯಿದೆಯೇ ಎಂದು ನೋಡಲು, ತೂಕ ಗೊತ್ತಿರುವ ಬೋಲ್ಟೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವ ಮನುಷ್ಯ. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಹಳೆಯ ಕಾರು ರಿಪೇರಿ ಮಾಡುವುದು ಅವರ ಕಸುಬು. ಅರ್ಧ ದಿನ ಕಾರಿನಡಿಯಲ್ಲೇ ಮಲಗಿರುತ್ತಾರೆ. ಕಾರನ್ನು ಹೊತ್ತ ಜಾಕ್ ನೆಲದ ಮೇಲೆ ಅಲುಗಿತೆಂದರೆ ಅಲ್ಲಿಗೆ ಕಥೆ ಮುಗಿಯಿತು.

ಆ ಕಾಂಕ್ರೀಟ್ ನೆಲಕ್ಕೆ ಬೂದು ಬಣ್ಣದ ಕೋಟಿಂಗ್ ಹಾಕಿಸಿದ್ದರು. ವಾರಂಟಿ ಹತ್ತು ವರ್ಷ. ನಾಲ್ಕನೆಯ ತಿಂಗಳಿಗೇ ಗುಳ್ಳೆಗಳೆದ್ದು, ಜಾಕ್ ನಿಲ್ಲುವ ಜಾಗದಲ್ಲೇ ಚಕ್ಕೆಚಕ್ಕೆಯಾಗಿ ಕಿತ್ತುಬಂತು.

"ನೀರು ಬೆರೆಸಿದ್ದಾರೆ ಕಣೇ, ಕಳ್ಳರು," ಎಂದರು ಮಾವ.

"ನಿಮ್ಮನ್ನ ಕೇಳಿದ್ರೆ ಮಳೆಗೂ ಯಾರೋ ನೀರು ಬೆರೆಸಿರ್ತಾರೆ," ಎಂದರು ಅತ್ತೆ.

ಕಂಪನಿಯ ಇನ್‌ಸ್ಪೆಕ್ಟರ್ ಬಂದರು. ನೆಲ ನೋಡುವ ಮೊದಲೇ ತಲೆಯಾಡಿಸಿದರು. "ಯಜಮಾನ್ರೇ, ನೆಲದಡಿಯಿಂದ ಏರೋ ತೇವಕ್ಕೆ ವಾರಂಟಿ ಬರಲ್ಲ. ಏಳನೇ ಷರತ್ತು. ವರ್ಷದಲ್ಲಿ ಏಳು ತಿಂಗಳು ಗೋಡೆ ಒಣಗದ ಊರಿದು."

"ಏಳನೇ ಷರತ್ತನ್ನ ಭೂತಗನ್ನಡಿ ಹಿಡಿದು ಓದೇ ಸಹಿ ಹಾಕಿದ್ದು ಸಾರ್." ಮಾವ ನೋಟ್‌ಬುಕ್ ತೆರೆದರು. ಕೋಟಿಂಗಿಗೆ ಹತ್ತು ದಿನ ಮೊದಲು, ಬರಿಯ ಕಾಂಕ್ರೀಟಿನ ಮೇಲೆ ನಾಲ್ಕು ಕಡೆ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಟೇಪ್ ಅಂಟಿಸಿ, ಇಡೀ ದಿನ ಬಿಟ್ಟಿದ್ದರು. ಅಡಿಯಿಂದ ತೇವ ಏರುತ್ತಿದ್ದರೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಬೇಕಿತ್ತು. ಕಟ್ಟಿರಲಿಲ್ಲ. ನಾಲ್ಕು ಫೋಟೋ, ದಿನಾಂಕ ಸಮೇತ.

ಇನ್‌ಸ್ಪೆಕ್ಟರ್ ಈಗ ಮೊಣಕಾಲೂರಿ ಕೂತರು. ಬ್ಲೇಡಿನಿಂದ ಒಂದು ಗುಳ್ಳೆ ಸೀಳಿದರು. ಒಳಗೆ ನೀರಿತ್ತು.

"ಅಡಿಯಿಂದ ಅಲ್ಲ ಅಂದ್ರೆ ಇದು ಎಲ್ಲಿಂದ ಬಂತು? ಕೋಟಿಂಗಿಗೆ ಮೊದಲು ಯಾರಾದ್ರೂ ನೆಲ ತೊಳೆದಿದ್ರಾ?"

ಅತ್ತೆ ಕಿಟಕಿಯ ಕಡೆ ನೋಡಿದರು.

ಕೋಟಿಂಗಿನ ಹಿಂದಿನ ದಿನ ಕಂಪನಿಯ ಕೆಲಸದವರು ಮೆಷಿನ್ನಿನಲ್ಲಿ ನೆಲ ಉಜ್ಜಿ, ಧೂಳು ಗುಡಿಸಿ ಹೋಗಿದ್ದರು. ಅವರು ಗುಡಿಸಿದ್ದನ್ನು ಮಾವ ನಂಬಲಿಲ್ಲ. ಸಂಜೆ ಪೈಪ್ ಹಿಡಿದು ಮೂಲೆಮೂಲೆಯನ್ನೂ ತೊಳೆದರು. ಬೆಳಗ್ಗೆ ಮೇಲ್ಮೈ ಒಣಗಿದಂತೆ ಕಂಡಿತು. ಕಾಂಕ್ರೀಟ್ ಒಳಗೆ ಕುಡಿದ ನೀರು ಕಣ್ಣಿಗೆ ಬೀಳುವುದಿಲ್ಲ. ತೊಳೆದ ಸಂಗತಿ ಗೊತ್ತಿದ್ದದ್ದು ಗಂಡ ಹೆಂಡತಿ ಇಬ್ಬರಿಗೇ. ಇಲ್ಲ ಎಂದುಬಿಟ್ಟಿದ್ದರೆ ಆಗಿಹೋಗುತ್ತಿತ್ತು.

ಮಾವ ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡರು. "ನಾನೇ ತೊಳೆದೆ. ನಿಮ್ಮವರ ಪೊರಕೆ ಮೇಲೆ ನಂಬಿಕೆ ಇರ್ಲಿಲ್ಲ."

ಇನ್‌ಸ್ಪೆಕ್ಟರ್ ಫೈಲ್ ಮುಚ್ಚಿದರು. "ಹಾಗಾದ್ರೆ ನಾನು ಹೊರಡ್ತೀನಿ."

"ತಡೀರಿ. ಬಣ್ಣ ಹಚ್ಚೋ ಮೊದಲು ನಿಮ್ಮವರು ಮೀಟರ್ ಇಟ್ಟು ತೇವ ನೋಡ್ಬೇಕಲ್ವಾ?" ಮಾವ ಅಂದಿನ ಕೆಲಸದ ಹಾಳೆ ತೆಗೆದರು. ತಮಗೂ ಒಂದು ಪ್ರತಿ ಬೇಕೆಂದು ಅವತ್ತು ಹಟ ಹಿಡಿದು ಪಡೆದದ್ದು. ತೇವಾಂಶದ ಖಾನೆ ಖಾಲಿಯಿತ್ತು. "ತಪ್ಪು ನಂದೇ. ಆದ್ರೆ ಅದನ್ನ ಹಿಡೀಬೇಕಾದ ಖಾನೆ ನಿಮ್ಮದು."

ಇನ್‌ಸ್ಪೆಕ್ಟರ್ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿ, ನಕ್ಕುಬಿಟ್ಟರು. "ಮೀಟರ್ ಬ್ಯಾಗಲ್ಲೇ ನಿದ್ದೆ ಹೊಡೆದಿದೆ ಬಿಡಿ." ಹಳೆಯದನ್ನು ಕಿತ್ತು, ಒಂದು ತಿಂಗಳು ಒಣಗಿಸಿ, ಮೀಟರ್ ಒಪ್ಪಿದ ಮೇಲೆ ಕಂಪನಿಯೇ ಮತ್ತೆ ಹಾಕಿಕೊಡಬೇಕೆಂದು ಬರೆದರು. ಮಾವ ಭೂತಗನ್ನಡಿ ತರಿಸಿ ಓದಿ ಸಹಿ ಹಾಕಿದರು.

ಸಂಜೆ ನಲ್ಲಿಯಿಂದ ಪೈಪ್ ಕಿತ್ತು, ಸುರುಳಿ ಸುತ್ತಿ ಅತ್ತೆಯ ಕೈಗಿಟ್ಟರು. "ಬೀರುವಲ್ಲಿಟ್ಟು ಬೀಗ ಹಾಕು. ಕೀಲಿ ಎಲ್ಲಿಟ್ಟೆ ಅಂತ ನನಗೆ ಹೇಳ್ಬೇಡ."

"ಅಂತೂ ಸರಿಯಾದ ಆಸಾಮಿ ಮೇಲೆ ಅನುಮಾನ ಬಂತು," ಎಂದರು ಅತ್ತೆ.

ತಿಂಗಳ ನಂತರ ಕಂಪನಿಯವರು ಮೀಟರ್ ಹಿಡಿದು ಬಂದಾಗ ಗ್ಯಾರೇಜಿನ ಬಾಗಿಲಲ್ಲಿ ಎರಡು ಇಟ್ಟಿಗೆ ಕಾಯುತ್ತಿದ್ದವು. ಒಂದು ಒದ್ದೆ, ಒಂದು ಒಣ. ಮೊದಲು ಮೀಟರಿನ ಪರೀಕ್ಷೆ, ನೆಲದ್ದು ಆಮೇಲೆ.