ಗ್ಯಾಲರಿಯಲ್ಲಿ ಹಲಗಿ

ನಮ್ಮ ಮೈದಾನದ ದಕ್ಷಿಣ ಗ್ಯಾಲರಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಗುಟ್ಕಾ ವಾಸನೆ. ಸಿಮೆಂಟಿನ ಮೆಟ್ಟಿಲುಗಳ ಮೇಲೆಲ್ಲ ಕೆಂಪು ಉಗುಳು, ಕೆಳಗಿನ ಸಾಲಿನವರ ಅಂಗಿಯ ಮೇಲೂ ಅದರದೇ ಕಲೆ. ಮೇಲಿನಿಂದ ಬಾಟಲಿ ಹಾರಿ ಬಂದರೆ ಅದರಲ್ಲಿ ನೀರೇ ಇದೆ ಎಂದು ನಂಬುವ ಹಾಗಿಲ್ಲ. ಇದನ್ನು ಫುಟ್‌ಬಾಲ್ ಅಭಿಮಾನ ಅಂತ ಕರೆಯುವವರ ಮುಖ ನೋಡಲೂ ನನಗೆ ಮನಸ್ಸಿಲ್ಲ. ಆದರೂ ಹತ್ತು ವರ್ಷ ನಾನು ಅಲ್ಲೇ ಕೂತೆ, ಅಮರೇಶಪ್ಪನವರ ಪಕ್ಕದಲ್ಲಿ, ಶೇಂಗಾ ತಿನ್ನುತ್ತ. ಹಾಗಾಗಿ ಹೇಸಿಗೆ ಪಡುವಾಗ ನನ್ನನ್ನು ನಾನು ಹೊರಗಿಡಲು ಬರುವುದಿಲ್ಲ.

ಅಮರೇಶಪ್ಪ ಲಿಂಗಸೂಗೂರು ಕಡೆಯವರು. ಐಟಿಐ ಮುಗಿಸಿ ಎಂಬತ್ನಾಲ್ಕರಲ್ಲಿ ಸಿಕಂದರಾಬಾದಿನ ಆಚೆಗಿನ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸೇರಿದರು. ಮೂರೂವರೆ ದಶಕ ಸಾಲ್ಡರಿಂಗ್ ಕೆಲಸ ಮಾಡಿ, ಬೆರಳ ತುದಿಗಳನ್ನೆಲ್ಲ ಸುಟ್ಟುಕೊಂಡು ನಿವೃತ್ತರಾದರು. ನಾನು ತುಮಕೂರಿನವನು, ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದೆ. ಒಂದೇ ಗಲ್ಲಿಯಲ್ಲಿ ಮನೆ. ನನ್ನ ಪುಸ್ತಕದ ಕನ್ನಡ ಕೇಳಿದಾಗಲೆಲ್ಲ ಅವರು, 'ಸುಬ್ಬರಾಯರ, ನೀವು ರೇಡಿಯೋ ಬಿಟ್ಟು ಕೆಳಗ ಇಳೀರಿ' ಎಂದು ಕಾಲೆಳೆಯುತ್ತಿದ್ದರು.

ಆಗ ಕಾರ್ಖಾನೆಗೆ ತನ್ನದೇ ಫುಟ್‌ಬಾಲ್ ತಂಡವಿತ್ತು. ಅಮರೇಶಪ್ಪ ಗೋಲ್‌ಕೀಪರ್ ಆಗಲು ಹೋಗಿ ಮೂರನೇ ದಿನಕ್ಕೆ ಹೆಬ್ಬೆರಳು ಮುರಿದುಕೊಂಡರು. ಆಟ ಕೈಬಿಟ್ಟಿತು, ಹುಚ್ಚು ಬಿಡಲಿಲ್ಲ. ಮುಂದಿನ ಹೋಳಿ ಹಬ್ಬಕ್ಕೆ ಊರಿಗೆ ಹೋದವರು ಬರುವಾಗ ಬಗಲಲ್ಲಿ ಒಂದು ಹಲಗಿ, ನಮ್ಮ ಕಡೆ ತಮಟೆ ಅನ್ನುತ್ತೇವಲ್ಲ ಅದನ್ನು, ಹಿಡಿದುಕೊಂಡು ಬಂದರು. ಕಂಪನಿ ಮೈದಾನದ ಗೇಟಿನ ಹೊರಗೆ ಚಹಾ ಅಂಗಡಿಯ ಪಕ್ಕ ಹಳೇ ಪೇಪರಿಗೆ ಬೆಂಕಿ ಹಚ್ಚಿ, ಚರ್ಮ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ ಒಳಗೆ ಬರುತ್ತಿದ್ದರು. ಅವರು ಬಾರಿಸಲು ನಿಂತರೆ ಸೋಲುತ್ತಿದ್ದ ತಂಡವೂ ಎದ್ದು ಓಡುತ್ತಿತ್ತು. ಆ ಬಡಿತ ಇಂದಿಗೂ ನನ್ನ ಕಿವಿಯಲ್ಲಿದೆ. ಮೂರು ಏಟು, ಒಂದು ಬಿಡುವು, ಮತ್ತೆ ಮೂರು ಏಟು. ಆ ಬಿಡುವಿನಲ್ಲಿ ನಾವೆಲ್ಲ ತಂಡದ ಹೆಸರು ಕೂಗಬೇಕು.

ಬಡಿತ ಅವರ ಊರಿನದು. ಅಲ್ಲಿ ಹೋಳಿ ಹಬ್ಬಕ್ಕೆ ನಾಲ್ಕು ದಿನ ಮುಂಚಿನಿಂದ ಓಣಿ ಓಣಿಯಲ್ಲಿ ಹಲಗಿ ಬಾರಿಸುತ್ತಾರೆ. ಬಿಡುವು ಬಂದ ಕೂಡಲೇ ಯಾರಾದರೊಬ್ಬರಿಗೆ ಬಾಯಿಗೆ ಬಂದ ಹಾಗೆ ಬೈದು ಬೊಬ್ಬೆ ಹೊಡೆಯುತ್ತಾರೆ. ಬೈಸಿಕೊಂಡವನು ಸಿಟ್ಟಾಗುವಂತಿಲ್ಲ. ಕಾಮನನ್ನು ಸುಟ್ಟು, ಬಣ್ಣ ಆಡಿ, ಜಳಕ ಮಾಡಿ ಹೋಳಿಗೆ ಉಂಡರೆ ಆ ಮಾತೆಲ್ಲ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷದೊಳಗೆ ಅದನ್ನು ಮತ್ತೆ ಆಡಿದವನಿಗೆ ಹಿರಿಯರು ಕಪಾಳಕ್ಕೆ ಬಿಡುತ್ತಾರೆ. ಇದನ್ನೆಲ್ಲ ಅಮರೇಶಪ್ಪನವರೇ ನನಗೆ ಲೋಕಲ್ ರೈಲಿನಲ್ಲಿ ಎಷ್ಟೋ ಸಲ ನಗುನಗುತ್ತ ಹೇಳಿದ್ದರು.

ಕಾರ್ಖಾನೆಯ ತಂಡ ಮುಚ್ಚಿಹೋಯಿತು. ಹತ್ತು ವರ್ಷದ ಹಿಂದೆ ಈ ನಗರದಲ್ಲಿ ಹೊಸ ತಂಡವೊಂದು ಹುಟ್ಟಿತು. ಅದರ ಹೆಸರು ನನ್ನ ಬಾಯಲ್ಲಿ ಬೇಡ. ಮ್ಯಾಚು ಲಿಂಗಂಪಲ್ಲಿಯ ಕಡೆ. ಭಾನುವಾರ ಮಧ್ಯಾಹ್ನ ಊಟ ಮಾಡಿ ಸಿಕಂದರಾಬಾದಿಗೆ ಬಸ್ಸು, ಅಲ್ಲಿಂದ ರೈಲು, ಅಮರೇಶಪ್ಪನ ತೊಡೆಯ ಮೇಲೆ ಹಲಗಿ. ಮೊದಲ ವರ್ಷ ಗ್ಯಾಲರಿಯಲ್ಲಿ ನಾವು ಇಪ್ಪತ್ತು ಮಂದಿ ಇದ್ದೆವು. ಹಲಗಿಯ ಸದ್ದಿಗೆ ಜನ ಸೇರುತ್ತ ಸೇರುತ್ತ ಐನೂರಾದರು. ಹೆಂಗಸರು, ಮಕ್ಕಳು, ಬುತ್ತಿ ಕಟ್ಟಿಕೊಂಡು ಬರುವ ಸಂಸಾರಗಳು. ನಿವೃತ್ತಿಯ ದಿನ ಕಾರ್ಖಾನೆಯವರು ಶಾಲು ಹೊದಿಸಿದಾಗಲೂ ಅಮರೇಶಪ್ಪನ ಮುಖ ಆ ಗ್ಯಾಲರಿಯಲ್ಲಿ ಅರಳಿದಷ್ಟು ಅರಳಿರಲಿಲ್ಲ.

ಕಲ್ಲೇಶ ಬಂದದ್ದು ನಾಲ್ಕನೇ ವರ್ಷ. ಯಾದಗಿರಿ ಕಡೆಯವನು, ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ, ಮೂವತ್ತರ ಹತ್ತಿರದ ವಯಸ್ಸು. ಹಿಂದೆ ಹದಿನೈದು ಗೆಳೆಯರು. ಕನ್ನಡ ಕೇಳಿದ್ದೇ ಅಮರೇಶಪ್ಪ ಕರಗಿಹೋದರು. ಮನೆಗೆ ಕರೆದರು. ಅವರ ಹೆಂಡತಿ ಶಿವದೇವಿ ಜೋಳದ ರೊಟ್ಟಿ ತಟ್ಟಿದರು, ಮಗಳು ರಶ್ಮಿ ಬಡಿಸಿದಳು. ಕಲ್ಲೇಶ 'ಕಾಕಾ, ಕಾಕು, ಅಕ್ಕಾ' ಎಂದು ಬಾಯ್ತುಂಬ ಕರೆದು ಎಂಟು ರೊಟ್ಟಿ ಮುಗಿಸಿದ.

ಮುಂದಿನ ಮ್ಯಾಚಿನಲ್ಲೇ ಹಲಗಿಯ ಬಿಡುವಿನಲ್ಲಿ ತಂಡದ ಹೆಸರು ಹೋಗಿ ಎದುರಾಳಿ ಗೋಲ್‌ಕೀಪರನ ತಾಯಿ ಬಂದಳು. ಯಾವ ಮಾತು ಅಂತ ನಾನು ಬರೆಯುವುದಿಲ್ಲ. ಕಲ್ಲೇಶನ ಗೆಳೆಯರು ತೆಲುಗು, ಹಿಂದಿ ಎರಡರಲ್ಲೂ ಬೈದರು, ಯಾರಿಗೂ ತಿಳಿಯದೆ ಹೋಗಬಾರದಲ್ಲ. ನಾನು ಅಮರೇಶಪ್ಪನ ಮುಖ ನೋಡಿದೆ. ಅವರು ಬಾರಿಸುತ್ತಲೇ ನಕ್ಕರು.

'ಹೋಳಿ ಅಂತ ತಿಳ್ಕೋರಿ ಸುಬ್ಬರಾಯರ. ಬಾಯಿಗೆ ಬಂದದ್ದು ಬೈತಾರ, ಮನಿಗೆ ಹೋಗಿ ಜಳಕ ಮಾಡ್ತಾರ, ಮುಗೀತು.'

ಕಲ್ಲೇಶ ಪಕ್ಕದಲ್ಲೇ ಇದ್ದ. ಈ ಮಾತನ್ನು ಕೇಳಿಸಿಕೊಂಡ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಹೋಳಿ ಅಂತೆ. ಹೋಳಿ ವರ್ಷಕ್ಕೊಂದು ಸಲ, ಇದು ಹದಿನೈದು ದಿನಕ್ಕೊಂದು ಸಲ. ಅಲ್ಲಿ ಬೈದವನಿಗೂ ಬೈಸಿಕೊಂಡವನಿಗೂ ಒಂದೇ ಓಣಿ, ಒಂದೇ ಬಾವಿ. ಇಲ್ಲಿ ಬೈಸಿಕೊಂಡ ಹುಡುಗ ಎಲ್ಲಿಂದಲೋ ಬಂದವನು, ಮೈದಾನದ ಮಧ್ಯೆ ಒಬ್ಬನೇ ನಿಂತು ತೊಂಬತ್ತು ನಿಮಿಷ ಕೇಳಿಸಿಕೊಳ್ಳಬೇಕು. ಇಷ್ಟು ಸಣ್ಣ ವಿಷಯ ಅಮರೇಶಪ್ಪನಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು, ಆದರೆ ಬಾಯಿ ಬಿಡಲಿಲ್ಲ.

ಬೈಗುಳದ ಹಿಂದೆಯೇ ಉಗುಳು, ಬಾಟಲಿ, ತಳ್ಳಾಟ ಎಲ್ಲ ಬಂದವು. ಸಂಸಾರಗಳು ಒಂದೊಂದಾಗಿ ಜಾಗ ಬಿಟ್ಟವು. ಲಿಂಗಂಪಲ್ಲಿಯ ಶರ್ವರಿ ಎಂಬ ಬ್ಯಾಂಕಿನ ಉದ್ಯೋಗಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಒಂದು ಭಾನುವಾರ ಚಿಕ್ಕವಳ ಜಡೆಯ ಮೇಲೆ ಗುಟ್ಕಾ ಬಿತ್ತು. ಶರ್ವರಿ ಅಳಲಿಲ್ಲ, ಕೂಗಾಡಲಿಲ್ಲ. ತಂಡದ ಆಫೀಸಿಗೆ ಒಂದು ದೂರು ಬರೆದು, ಹಳಬರ ಸಹಿ ಕೇಳುತ್ತ ಗ್ಯಾಲರಿಯೆಲ್ಲ ತಿರುಗಿದರು. ಎಲ್ಲರದೂ ಒಂದೇ ಉತ್ತರ, ಅಮರೇಶಪ್ಪನವರು ಹಾಕಿದರೆ ನಾವೂ ಹಾಕುತ್ತೇವೆ.

ಅಮರೇಶಪ್ಪ ಹಾಕಲಿಲ್ಲ. 'ನಮ್ಮ ಹುಡುಗ್ರರಿ ಅವ್ರು. ನಾ ಹೇಳಿ ತಿದ್ದತೀನಿ' ಎಂದರು. ಕಲ್ಲೇಶನನ್ನು ಕರೆದು ಹೇಳಿದ್ದೂ ನಿಜ. ಅವನು, 'ಆತು ಕಾಕಾ, ಉಗುಳೂದು ಬಂದ್ ಮಾಡ್ತೀವಿ. ಬೈಯೂದು ಬಂದ್ ಮಾಡಿದ್ರ ಗ್ಯಾಲರಿ ಸತ್ತು ಹೋಗತೈತಿ' ಎಂದ. ಎರಡು ಮ್ಯಾಚು ಉಗುಳಲಿಲ್ಲ. ಮೂರನೇ ಮ್ಯಾಚಿನಲ್ಲಿ ಎರಡು ಮ್ಯಾಚಿನ ಬಾಕಿಯನ್ನೂ ಸೇರಿಸಿ ಉಗುಳಿದರು. ಶರ್ವರಿ ಮತ್ತೆ ಬರಲಿಲ್ಲ. ನನ್ನ ಸಹಿಯೂ ಆ ಕಾಗದದ ಮೇಲಿರಲಿಲ್ಲ.

ಇನ್ನು ರಶ್ಮಿಯ ವಿಷಯ. ಅಪ್ಪನ ಹಲಗಿ ಕೇಳುತ್ತ ಬೆಳೆದ ಹುಡುಗಿ. ಶಾಲೆಯೊಂದರಲ್ಲಿ ಪಿಟಿ ಟೀಚರು. ಜೊತೆಗೆ ಪರೀಕ್ಷೆ ಬರೆದು, ಓಟದಲ್ಲಿ ಪಾಸಾಗಿ ರೆಫರಿ ಆಗಿದ್ದಳು. ಐದು ವರ್ಷ ಶಾಲೆ ಮಕ್ಕಳ ಪಂದ್ಯಗಳಲ್ಲಿ ಬಿಸಿಲಲ್ಲಿ ಬೆಂದ ಮೇಲೆ ಹೋದ ಫೆಬ್ರವರಿಯಲ್ಲಿ ದೊಡ್ಡ ಪಂದ್ಯಕ್ಕೆ ಕರೆ ಬಂತು. ನಮ್ಮದೇ ತಂಡದ ಮ್ಯಾಚು, ಗೆರೆಯ ಪಕ್ಕ ಬಾವುಟ ಹಿಡಿದು ಓಡುವ ಲೈನ್ ರೆಫರಿಯ ಕೆಲಸ. ಓಡಬೇಕಾದದ್ದು ದಕ್ಷಿಣ ಗ್ಯಾಲರಿಯ ಮುಂದೆಯೇ. ಇದರಲ್ಲಿ ಗಟ್ಟಿಯಾಗಿ ನಿಂತರೆ ಮುಂದಿನ ದಾರಿ, ತಡಬಡಿಸಿದರೆ ಮತ್ತೆ ಶಾಲೆ ಮಕ್ಕಳ ಪಂದ್ಯ. ಅದು ಅವಳಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಹಿಂದಿನ ದಿನ ಸಂಜೆ ನಾನು ಅವರ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ.

'ಅಪ್ಪಾ, ನಾಳೆ ನೀವು ಬರ್ರಿ, ಹಲಗಿ ಬ್ಯಾಡ್ರಿ' ಎಂದಳು ರಶ್ಮಿ.

'ಹಲಗಿ ಇಲ್ಲದ ನಾ ಹ್ಯಾಂಗ ಬರಲವ್ವ? ನೀ ಹೆದರಬ್ಯಾಡ. ಅವ್ರೆಲ್ಲಾ ನಿನ್ನ ಕೈಲೆ ಉಂಡಾವ್ರದಾರ' ಎಂದರು ಅಮರೇಶಪ್ಪ.

ರಶ್ಮಿ ಎದ್ದಳು. ಒಳಗೆ ಹೋಗಿ ಬೂಟಿಗೆ ಪಾಲಿಶ್ ಹಚ್ಚುತ್ತ ಕೂತಳು.

ಮ್ಯಾಚು ನಾಲ್ಕು ಗಂಟೆಗೆ ಶುರುವಾಯಿತು. ಅಮರೇಶಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಮೊದಲ ಅರ್ಧ ಎದುರಾಳಿ ಗೋಲ್‌ಕೀಪರ್ ಗ್ಯಾಲರಿಯಲ್ಲಿ ನಾವಿದ್ದ ತುದಿಗಿದ್ದ. ಇಪ್ಪತ್ತರ ಹುಡುಗ. ಕಲ್ಲೇಶನ ಗುಂಪು ಅವನ ತಂಗಿಯ ಹೆಸರನ್ನು ಫೋನಿನಲ್ಲಿ ಹುಡುಕಿ ತೆಗೆದಿತ್ತು. ಮೂರು ಏಟು, ಆ ಹುಡುಗಿಯ ಹೆಸರು, ಒಂದು ಹೊಲಸು ಮಾತು. ಮತ್ತೆ ಮೂರು ಏಟು. ನಲವತ್ತೈದು ನಿಮಿಷ ಹೀಗೇ ನಡೆಯಿತು. ಅಮರೇಶಪ್ಪನ ಕಣ್ಣೆಲ್ಲ ಮೈದಾನದ ಇನ್ನರ್ಧದಲ್ಲಿ ಗೆರೆಯ ಪಕ್ಕ ಓಡುತ್ತಿದ್ದ ಮಗಳ ಮೇಲೆ. ಕೈ ತನ್ನ ಪಾಡಿಗೆ ಬಾರಿಸುತ್ತಿತ್ತು. 'ನೋಡ್ರಿ ಸುಬ್ಬರಾಯರ, ಹ್ಯಾಂಗ ಓಡಾಕತ್ತಾಳ' ಎಂದು ನನ್ನ ಮೊಣಕೈ ತಿವಿದರು.

ಎರಡನೇ ಅರ್ಧದಲ್ಲಿ ರಶ್ಮಿ ಓಡುತ್ತಿದ್ದ ತುದಿಯಲ್ಲಿ ನಮ್ಮವರು ಗೋಲು ಹೊಡೆದರು. ಗ್ಯಾಲರಿ ಎದ್ದು ಕುಣಿಯಿತು. ರಶ್ಮಿ ಬಾವುಟ ಎತ್ತಿ ನಿಂತಿದ್ದಳು. ಆಫ್‌ಸೈಡ್, ಗೋಲು ಇಲ್ಲ. ನಾನು ನೋಡಿದ್ದೆ, ನಮ್ಮ ಆಟಗಾರ ಎದುರಾಳಿ ರಕ್ಷಕರಿಗಿಂತ ಒಂದು ಮಾರು ಮುಂದಿದ್ದ. ಆಕೆ ಕೈ ಇಳಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

ಕೋಪಕ್ಕೋ ಅಭ್ಯಾಸಕ್ಕೋ ಹಲಗಿ ಮೂರು ಏಟು ಹೊಡೆಯಿತು. ಬಿಡುವಿನಲ್ಲಿ ರಶ್ಮಿಯ ಹೆಸರು ಬಂತು. ಅದರ ಬೆನ್ನಿಗೇ ಆ ಮಾತು.

ಅಮರೇಶಪ್ಪನ ಕೋಲು ನಿಂತಿತು.

'ಕಾಕಾ, ಯಾಕ ನಿಲ್ಲಿಸಿದ್ರಿ? ಬಾರಸ್ರಿ' ಎಂದ ಕಲ್ಲೇಶ.

'ಆಕಿ ನಮ್ಮ ರಶ್ಮಿಲೇ. ನಿನಗ ರೊಟ್ಟಿ ಬಡಿಸಿದಾಕಿ.'

'ಮನ್ಯಾಗ ಅಕ್ಕಾರು. ಇಲ್ಲಿ ಬಾವುಟ ಹಿಡದಾಕಿ.' ಕಲ್ಲೇಶನ ದನಿಯಲ್ಲಿ ಸಿಟ್ಟೇ ಇರಲಿಲ್ಲ. 'ಹೋಳಿ ಅಂತ ನೀವ ಹೇಳಿದ್ರೆಲ್ರಿ ಕಾಕಾ. ಹೋಳ್ಯಾಗ ಸಿಟ್ಟಿಗೇಳಬಾರ್ದು.'

ಹಿಂದಿನ ಸಾಲಿನವನೊಬ್ಬ ಕಸದ ನೀಲಿ ಡ್ರಮ್ಮು ಬೋರಲು ಹಾಕಿ ಅದೇ ಬಡಿತ ಶುರು ಮಾಡಿದ. ಮೂರು ಏಟು, ರಶ್ಮಿಯ ಹೆಸರು. ಹಲಗಿ ಇಲ್ಲದಿದ್ದರೂ ಏನೂ ಕೊರತೆಯಾಗಲಿಲ್ಲ. ಅಮರೇಶಪ್ಪ ಎದ್ದು ಎರಡೂ ಕೈ ಮೇಲೆತ್ತಿ 'ನಿಲ್ಲಸ್ರೋ' ಎಂದರು. ಯಾರೋ ಅವರ ಹೆಗಲು ಒತ್ತಿ ಕೂರಿಸಿದರು. ಬಿಳಿ ಅಂಗಿಯ ಬೆನ್ನ ಮೇಲೆ ಗುಟ್ಕಾ ಬಿದ್ದದ್ದು ನನಗೆ ಕಂಡಿತು, ಅವರಿಗೆ ತಿಳಿಯಲಿಲ್ಲ. ರಶ್ಮಿ ಕೊನೆಯ ಸೀಟಿಯವರೆಗೂ ಗೆರೆಯ ಪಕ್ಕ ಓಡಿದಳು, ಒಂದು ಬಾವುಟವೂ ತಪ್ಪಲಿಲ್ಲ.

ಮ್ಯಾಚು ಮುಗಿದ ಮೇಲೆ ಗೇಟಿನ ಹೊರಗೆ ಒಂದು ಚಹಾ ಅಂಗಡಿಯ ಹತ್ತಿರ ಕಾದೆವು. ರಶ್ಮಿ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಅಮರೇಶಪ್ಪ ಅವಳ ಮುಂದೆ ಕೈ ಮುಗಿಯುವ ಹಾಗೆ ನಿಂತರು.

'ನಾ ನಿಲ್ಲಿಸಿದ್ನೆವ್ವ. ನಿನ್ನ ಹೆಸರು ಬಂದ ಕೂಡ್ಲೆ ಕೋಲು ಕೆಳಗಿಟ್ನಿ.'

'ಗೊತ್ತೈತ್ರಿ ಅಪ್ಪಾ, ನಿಮ್ಮ ಹಲಗಿ ನನಗ ಗೊತ್ತಾಗಂಗಿಲ್ಲೇನು?' ಎಂದಳು ರಶ್ಮಿ. ಚೀಲ ಕೆಳಗಿಟ್ಟು ಹೇಳಿದಳು, 'ಆ ಗೋಲ್‌ಕೀಪರನ ತಂಗಿಗೆ ಬೈಯೋ ಮುಂದನೂ ನಾ ಅಲ್ಲೇ ಓಡಾಕತ್ತಿದ್ನಿ. ನಲವತ್ತೈದು ನಿಮಿಷ. ಈಗ ನಿಲ್ಲಸ್ತಾರ, ಈಗ ನಿಲ್ಲಸ್ತಾರ ಅಂತ ಕೇಳಾಕತ್ತಿದ್ನಿ. ಒಂದ ಏಟೂ ತಪ್ಪಲಿಲ್ರಿ.'

ರಶ್ಮಿ ಅಪ್ಪನನ್ನು ತಿರುಗಿಸಿ ನಿಲ್ಲಿಸಿ, ಚೀಲದಿಂದ ಟವೆಲ್ಲು ತೆಗೆದು ಬೆನ್ನ ಮೇಲಿನ ಉಗುಳು ಒರೆಸಿದಳು.

ಮರುದಿನ ಬೆಳಿಗ್ಗೆ ಅಮರೇಶಪ್ಪ ತಂಡದ ಆಫೀಸಿಗೆ ಕಾಗದ ಬರೆದರು. ನನಗೆ ತೋರಿಸಿದರು. ಮೂರು ಪುಟ. ಯಾರು ಏನು ಮಾಡಿದರು ಎಂದು ಒಂದೂ ಬಿಡದೆ ಬರೆದಿದ್ದರು. ತಪ್ಪು ಮಾಡಿದವರ ಪಟ್ಟಿಯಲ್ಲಿ ಮೊದಲ ಹೆಸರು ತಮ್ಮದೇ. ತಂದೆಯ ಹೆಸರು, ಮನೆ ನಂಬರು, ಗಲ್ಲಿ, ಫೋನು, ಕಾರ್ಖಾನೆಯಲ್ಲಿದ್ದಾಗಿನ ಟೋಕನ್ ನಂಬರು ಸಮೇತ. ಎರಡನೆಯ ಹೆಸರು ಕಲ್ಲೇಶನದು. ಅವನ ಮನೆತನದ ಹೆಸರು, ವಿಳಾಸ ಎರಡೂ ಗೊತ್ತಿರಲಿಲ್ಲ. ಎಂಟು ರೊಟ್ಟಿ ಉಂಡವನ ಮನೆ ಎಲ್ಲಿ ಅಂತ ಅವರು ಕೇಳಿಯೇ ಇರಲಿಲ್ಲ. ಈ ಸಲ ನಾನೂ ಸಹಿ ಹಾಕಿದೆ, ಸಾಕ್ಷಿ ಎಂದು.

ಮೂರು ವಾರಕ್ಕೆ ಉತ್ತರ ಬಂತು. ದೂರನ್ನು ಗಂಭೀರವಾಗಿ ಪರಿಗಣಿಸಲಾಗಿದೆ, ಗುರುತು ಪತ್ತೆಯಾದವರ ಮೇಲೆ ಕ್ರಮ ಕೈಗೊಳ್ಳಲಾಗಿದೆ. ಗುರುತು ಪತ್ತೆಯಾದದ್ದು ಒಬ್ಬರದೇ. ಕುಷಾಯಿಗೂಡದ ಅಮರೇಶಪ್ಪನಿಗೆ ಎರಡು ವರ್ಷ ಮೈದಾನಕ್ಕೆ ಪ್ರವೇಶವಿಲ್ಲ. ನಾನು ಆ ಕಾಗದ ಓದಿ ಥೂ ಎಂದೆ. ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, 'ಬರೋಬ್ಬರಿ ಐತಿ ಬಿಡ್ರಿ, ನನಗ ಇದು ಆಗಬೇಕಾದ್ದ' ಎಂದರು.

ಹೋದ ಭಾನುವಾರ ರಶ್ಮಿಗೆ ಮತ್ತೆ ಅದೇ ಮೈದಾನದಲ್ಲಿ, ಅದೇ ಗೆರೆಯ ಪಕ್ಕ ಕೆಲಸ ಬಿತ್ತು. ನಾನು ಎದುರು ಬದಿಯಲ್ಲಿ ದುಬಾರಿ ಟಿಕೆಟ್ ತೆಗೆದುಕೊಂಡು ಕೂತೆ. ಅಮರೇಶಪ್ಪನ ಫೋನು ಬಂತು.

'ಆಕಿ ಹ್ಯಾಂಗ ಓಡಾಕತ್ತಾಳ್ರಿ?'

'ಚೆನ್ನಾಗಿ ಓಡುತ್ತಿದ್ದಾಳೆ.'

'ಹುಡುಗ್ರು ಬೈಯಾಕತ್ತಾರೇನ್ರಿ?'

ನನಗೆ ಸುಳ್ಳು ಹೇಳಲು ಬರಲಿಲ್ಲ. ಹೇಳಿದರೂ ಆ ಕೂಗು ಫೋನಿನಲ್ಲಿ ಕೇಳಿಸುತ್ತಿತ್ತು. 'ಹೂಂ' ಎಂದೆ.

ಆಮೇಲೆ ಕೇಳಿದರು, 'ಬಡಿತ ಹೊಸಾದೇನರ ಹಾಕ್ಯಾರೇನ್ರಿ?'

ಎದುರು ಗ್ಯಾಲರಿಯಲ್ಲಿ ನೀಲಿ ಡ್ರಮ್ಮು ಬಡಿಯುತ್ತಿತ್ತು, ಮೂರು ಏಟು, ಒಂದು ಬಿಡುವು.

'ಇಲ್ಲ ಅಮರೇಶಪ್ಪನವರೇ, ನಿಮ್ಮದೇ' ಎಂದೆ.