ಅಪ್ಪ ನಿಂತಲ್ಲಿ ನಾನು ನಿಲ್ಲಲಿಲ್ಲ

ಆಂಧ್ರದ ಗಡಿಯೂರು ಆದವಾನಿಯ ನಮ್ಮ ಚರ್ಚಿನಲ್ಲಿ ಕಾಲಿನಿಂದ ತುಳಿಯುವ ಹಳೇ ಆರ್ಗನ್ ನುಡಿಸುವವಳು ನಾನು. ಹಾಡುತ್ತಿದ್ದವನು ಅಪ್ಪ. ಭಾನುವಾರದ ತೆಲುಗು ಹಾಡುಗಳು ಈಗಿನ ಹುಡುಗರ ಕೀಬೋರ್ಡಿಗೆ ಹೋದವು. ಸಾವಿನ ಪೂಜೆಯ ಲ್ಯಾಟಿನ್ ಹಾಡೊಂದೇ ನಮ್ಮಿಬ್ಬರ ಪಾಲಿಗೆ ಉಳಿದಿತ್ತು. ಅದಕ್ಕೆ ತಾಳವೇ ಇಲ್ಲ. ಕಲಿಯುವಾಗ ನಾನು ತಲೆಯಾಡಿಸಿ ಲೆಕ್ಕ ಹಿಡಿದರೆ ಅಪ್ಪ ರೇಗುತ್ತಿದ್ದ.

“ತಾಳ ಎಲ್ಲಿ ಹುಡುಕ್ತೀಯವ್ವಾ? ನನ್ನ ಉಸುರು ನೋಡು. ನಾ ನಿಂತ್ರ ನೀನೂ ನಿಲ್ಲು. ನನ್ನ ದನಿಗಿಂತ ಕೆಳಗಿರು, ಮ್ಯಾಲೆ ಬರಬ್ಯಾಡ.”

ಅಪ್ಪ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಧೂಳು ಕುಡಿದೇ ಮುದುಕನಾದವನು. ವರ್ಷ ವರ್ಷಕ್ಕೂ ಉಸಿರು ಮೊಟಕಾಗುತ್ತ ಬಂತು. ಒಂದು ಸಾಲನ್ನು ಮೂರು ತುಂಡು ಮಾಡಿ ಹಾಡುತ್ತಿದ್ದ, ನಾನೂ ಮೂರು ಸಲ ನಿಲ್ಲುತ್ತಿದ್ದೆ. ಅವ್ವನಿಗೆ ಅದೇ ಚೇಷ್ಟೆ: “ನಾ ಸತ್ತಾಗ ನೀನ ಹಾಡಬೇಕು ಮತ್ತ. ಕೆಮ್ಮಿದೀ ಅಂದ್ರ ಪೆಟ್ಟಿಗ್ಯಾಗಿಂದ ಎದ್ದು ಕುಂದರ್ತೀನಿ ನೋಡು!” ಅಪ್ಪ ನಗುತ್ತಲೇ ಮಾತು ಕೊಟ್ಟಿದ್ದ.

ಹೋದ ವರ್ಷ ಅವ್ವ ಹೋದಳು. ಹುಡುಗರಿಂದ ಹಾಡಿಸೋಣ ಎಂದು ಪಾದ್ರಿ ತೆಲುಗಿನಲ್ಲಿ ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. “ಆಕಿಗೆ ಮಾತು ಕೊಟ್ಟೀನ್ರಿ ಫಾದರ್” ಎಂದವನೇ ಪೆಟ್ಟಿಗೆಯ ಪಕ್ಕ ಹೋಗಿ ನಿಂತ.

ಎರಡನೇ ಸಾಲಿಗೇ ದನಿ ನಿಂತುಬಿಟ್ಟಿತು. ನಾನೂ ನಿಂತೆ. ಕಾದೆ. ಕೆಮ್ಮೂ ಇಲ್ಲ, ಹಾಡೂ ಇಲ್ಲ. ಕೌತಾಳಂನಿಂದ ಬಂದ ಬೀಗರು ಮುಖ ಮುಖ ನೋಡಿಕೊಂಡರು. ಹಿಂದೆ ಯಾರೋ “ಅಯ್ಯೋ, ಪಾಪಂ” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನಪ್ಪನಿಗೆ ಪಾಪ ಅನ್ನೋಕೆ ಇವರ್ಯಾರು? ಆರ್ಗನ್ನಿನ ದನಿ ಏರಿಸುವ ಗುಂಡಿಗಳನ್ನೆಲ್ಲ ಎಳೆದು, ದಬದಬ ತುಳಿದು, ಉಳಿದ ಹಾಡನ್ನು ನಾನೇ ಕೊನೆಯವರೆಗೂ ನುಡಿಸಿಬಿಟ್ಟೆ.

ಕೈ ತೆಗೆದ ಮೇಲೆ ಕೇಳಿಸಿತು. ಅಪ್ಪ ಹಾಡುತ್ತಿದ್ದ. ಸಣ್ಣ ದನಿಯಲ್ಲಿ, ಇನ್ನೂ ಮೂರನೇ ಸಾಲಿನಲ್ಲೇ ಇದ್ದ. ಹಾಡು ಮುಗಿಯಿತೆಂದುಕೊಂಡು ಅಷ್ಟರಲ್ಲಿ ಪೆಟ್ಟಿಗೆ ಎತ್ತಿಬಿಟ್ಟಿದ್ದರು.

ಮಣ್ಣು ಮುಗಿಸಿ ಬಂದು ಕಾಲು ತೊಳೆಯುವಾಗ ಅಪ್ಪ ಅಂದ: “ಉಸುರು ತಗೋತಿದ್ನೆವ್ವಾ, ಅಷ್ಟ.”

ಈಗಲೂ ಸಾವಿನ ಪೂಜೆ ಬಂದಾಗೆಲ್ಲ ಅಪ್ಪನನ್ನು ಕರೆಯುತ್ತೇನೆ. ತಪ್ಪಾಯಿತು, ಬಾ ಎಂದು ಅತ್ತೂ ಕರೆದಿದ್ದೇನೆ. ಅವನ ಮುಖದಲ್ಲಿ ಸಿಟ್ಟಿರುವುದಿಲ್ಲ.

“ನೀನ ಹೋಗು,” ಅನ್ನುತ್ತಾನೆ. “ನಾನಿಲ್ದ ಮುಗಿಸೋದು ನಿನಗ ಗೊತ್ತೈತಲ್ಲ.”