ಒಂದೇ ಒಲೆ, ಎರಡು ತಾಟು

ಚಿಕನ್‌ಗುನ್ಯಾ ಬಂದು ಹೋದ ಮೇಲೆ ನಮ್ಮ ಅತ್ತೆಗೆ ನೆಲದಿಂದ ಏಳುವುದೇ ಕಷ್ಟವಾಯಿತು. ಜ್ವರ ಬಿಟ್ಟು ಎಷ್ಟೋ ದಿನವಾಗಿದ್ದರೂ ತೋಳು ತೊಡೆ ಸೊರಗಿ, ಕುಪ್ಪಸದ ತೋಳು ಜೋತಾಡುತ್ತಿತ್ತು. ಪೂಜೆಗೆ ಕೂತರೆ ಗೋಡೆ ಹಿಡಿದು ಏಳಬೇಕು, ಇಲ್ಲವೇ ನನ್ನನ್ನು ಕರೆಯಬೇಕು. ಕರೆಯುವುದು ಅವರಿಗೆ ಒಗ್ಗದು. ಹಾಗಾಗಿ ಕೆಳಗೆ ಕೂಡುವುದನ್ನೇ ಬಿಟ್ಟುಬಿಟ್ಟರು.

ಸೇಡಂ ರಸ್ತೆಯಲ್ಲಿರುವ ಡಾಕ್ಟರಿಗೆ ತೋರಿಸಿದೆವು. ಎಲುಬು ಗಟ್ಟಿ ಇದೆ, ಮಾಂಸಖಂಡ ಕರಗಿದೆ, ವ್ಯಾಯಾಮ ಮಾಡಲಿ, ಬೇಳೆಕಾಳು, ಹಾಲು, ಮೊಸರು ಜಾಸ್ತಿ ಉಣ್ಣಲಿ, ತೂಕ ಏರಬೇಕು ಎಂದರು ಅವರು. ಅತ್ತೆ ನನ್ನ ಕಡೆ ಕೈ ಮಾಡಿದರು. "ಈಕಿನ್ನೂ ಒಂದೀಟು ನೋಡ್ರಿ. ಮಾಳಗಿ ಹತ್ತಿ ಬರೂದ್ರಾಗ ಏದುಸಿರು ಬಿಡ್ತಾಳ." ನನ್ನ ರಕ್ತ ಪರೀಕ್ಷೆಯೂ ಆಯಿತು. ಸಕ್ಕರೆ ಕಾಯಿಲೆ ಬಂದಿಲ್ಲ, ಆದರೆ ಬಾಗಿಲಲ್ಲಿ ನಿಂತಿದೆ, ತೂಕ ಇಳಿಸಿ ಎಂದರು.

ಆಟೋದಲ್ಲಿ ಬರುವಾಗ ಅತ್ತೆ ನಗುತ್ತಲೇ ಹೇಳಿದರು, "ನನ್ನ ಮೈಯಾನ ಮಾಂಸೆಲ್ಲ ನಿನ್ನ ಕಡಿ ಬಂದಾದ ನೋಡು."

ನಮ್ಮ ಓಣಿಯ ತುದಿಗೆ ಬಟ್ಟೆ ಅಂಗಡಿಯ ಮೇಲೆ ಹೆಂಗಸರ ಜಿಮ್ ಒಂದಿದೆ. ಅದನ್ನು ನಡೆಸುವವಳು ತಲೆಗೆ ದುಪಟ್ಟಾ ಬಿಗಿದು ಕಟ್ಟಿದ, ನನ್ನ ತಂಗಿಯ ವಯಸ್ಸಿನ ಹುಡುಗಿ. ಮನೆಯಲ್ಲಿ ಉರ್ದು, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಮೆಟ್ಟಿಲು ಹತ್ತಿಬಂದ ಅತ್ತೆಯನ್ನು ಕಂಡು ಅವಳೇ ಕುರ್ಚಿ ತಂದಿಟ್ಟಳು.

"ದಿನಾ ಏನ್ ಉಣ್ತೀರಿ ಅಮ್ಮಾ?"

"ರೊಟ್ಟಿ, ಪಲ್ಯ. ಮತ್ತೇನ್ ಉಣ್ತಾರ?"

"ಹಾಲು?"

"ಹಾಲು ಮಕ್ಕಳು ಕುಡೀತಾರ."

"ಬ್ಯಾಳಿ?"

"ಎಲ್ಲಾರ ಊಟ ಆದ ಮ್ಯಾಲ ಉಳಿದ್ರ."

ಈ ಮನೆಗೆ ಬಂದಾಗಿನಿಂದ ಅವರ ಕೈಯಡುಗೆ ಉಂಡಿದ್ದೆ. ಯಾರಿಗೆ ಖಾರ ಆಗದು, ಯಾರಿಗೆ ಮೊಸರು ಬೇಕೇ ಬೇಕು ಎನ್ನುವುದೆಲ್ಲ ಅವರಿಗೆ ಬಾಯಿಪಾಠ. ಅವರ ತಾಟಿನಲ್ಲಿ ಏನಿರುತ್ತದೆ ಎಂದು ನಾನು ನೋಡಿಯೇ ಇರಲಿಲ್ಲ. ನಾನು ಕೆಲಸಕ್ಕೆ ಹೊರಟ ಮೇಲೆ ಅವರ ಊಟ.

ಹುಡುಗಿ ತತ್ತಿ ತಿನ್ನುತ್ತೀರಾ ಎಂದು ಕೇಳಿದಳು. ನಮ್ಮಲ್ಲಿ ತಿನ್ನುವುದಿಲ್ಲ ಎಂದೆ. "ಪರವಾಗಿಲ್ರಿ, ತೊಗರಿ ಊರಾಗ ಇದ್ದೀರಿ," ಅಂದು ಇಬ್ಬರಿಗೂ ಬಾಯಲ್ಲೇ ಊಟ ಗೊತ್ತು ಮಾಡಿದಳು. ಅಡುಗೆ ಒಂದೇ, ಬಡಿಸುವುದು ಬೇರೆ ಬೇರೆ. ಗಟ್ಟಿ ಬೇಳೆ ಇಬ್ಬರಿಗೂ. ಅತ್ತೆಗೆ ರೊಟ್ಟಿಯ ಮೇಲೆ ತುಪ್ಪ, ಮೊಸರಲ್ಲಿ ಕಲಸಿದ ಶೇಂಗಾ ಪುಡಿಯ ಹಿಂಡಿ, ವ್ಯಾಯಾಮಕ್ಕೆ ಮೊದಲು ಬಾಳೆಹಣ್ಣು, ಮುಗಿದ ಮೇಲೆ ಹಾಲು, ಹುರಿಗಡಲೆ. ನನಗೆ ಒಂದೇ ರೊಟ್ಟಿ, ಅದರ ಎರಡರಷ್ಟು ಸೊಪ್ಪಿನ ಪಲ್ಯ, ಮೊಳಕೆ ಬಂದ ಹೆಸರುಕಾಳು, ಮಜ್ಜಿಗೆ. ಶೇಂಗಾ ನೋಡುವ ಹಾಗಿಲ್ಲ.

ನಂದೂರಿನ ದಾಲ್‌ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿರುವ ನನ್ನ ಗಂಡ ಇದನ್ನೆಲ್ಲ ಕೇಳಿ, ಬೇಳೆ ಎಷ್ಟು ಬೇಕಾದರೂ ತರುತ್ತೇನೆ, ನನ್ನ ಊಟ ಮಾತ್ರ ಮುಟ್ಟಬೇಡಿ ಎಂದು ಕೈ ಮುಗಿದರು.

ವ್ಯಾಯಾಮ ಕಷ್ಟವಾಗಲಿಲ್ಲ. ಕುರ್ಚಿಯಿಂದ ಏಳುವುದು, ಕೂಡುವುದು, ನೀರಿನ ಬಾಟಲಿಯಷ್ಟು ತೂಕ ಎತ್ತುವುದು, ಅತ್ತೆ ಎಲ್ಲವನ್ನೂ ಶಿಸ್ತಿನಿಂದ ಮಾಡಿದರು. ಕಷ್ಟವಾದದ್ದು ಊಟ. ಸೊಸೆಗಿಂತ ಹೆಚ್ಚು ಉಣ್ಣಲು ಅವರಿಗೆ ನಾಚಿಕೆ. ನನ್ನ ಡಬ್ಬಿಯಲ್ಲಿ ಪಲ್ಯದ ಕೆಳಗೆ ಎರಡನೇ ರೊಟ್ಟಿ ಮಡಚಿ ಕೂತಿರುತ್ತಿತ್ತು. "ಕೆಲಸಕ್ಕ ಹೋಗಾಕಿ, ತಲಿ ತಿರಗಿ ಬಿದ್ರ?" ಎನ್ನುತ್ತಿದ್ದರು. ಅವರ ಹುರಿಗಡಲೆಗೆ ಬೆಲ್ಲ ಸೇರಿ ಸಂಜೆ ನನ್ನ ಚಹಾದ ಪಕ್ಕ ಬಂದು ಕೂಡುತ್ತಿತ್ತು. ಬೇಡ ಎಂದು ಸರಿಸಿದರೆ ಮುಖ ಸಣ್ಣದಾಗುತ್ತಿತ್ತು. ನಾನು ತಿನ್ನುತ್ತಿದ್ದೆ.

ತಿಂಗಳು ಕಳೆದ ಮೇಲೆ ಹುಡುಗಿ ತೂಕ ನೋಡಿದಳು. ನಾನು ಏರಿದ್ದೆ, ಅತ್ತೆ ಇನ್ನೂ ಇಳಿದಿದ್ದರು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಯಾ ಅಲ್ಲಾ. ಅಮ್ಮಾರ ಊಟ ಆಂಟಿ ಹೊಟ್ಟಿಗೆ ಹೊಂಟಾದ."

ಆಮೇಲೆ ಅವಳೇ ಒಂದು ದಾರಿ ಹುಡುಕಿದಳು. ಇಬ್ಬರೂ ಒಟ್ಟಿಗೆ ಕೂತು ಉಣ್ಣಬೇಕು. ಅತ್ತೆಗೆ ನಾನು ಬಡಿಸಬೇಕು, ನನಗೆ ಅತ್ತೆ. ತನ್ನ ತಾಟಿಗೆ ತಾನು ಹಾಕಿಕೊಳ್ಳುವಂತಿಲ್ಲ, ಬಡಿಸಿದ್ದನ್ನು ಬಿಡುವಂತಿಲ್ಲ. ತಾಟಿನಲ್ಲಿ ಅನ್ನ ಬಿಟ್ಟವರನ್ನು ಜೀವಮಾನವಿಡೀ ಗದರಿಸಿದ ಹೆಂಗಸು ಈಗ ಸಿಕ್ಕಿಬಿದ್ದರು. ನಾನು ತುಪ್ಪ ಹಾಕಿದೆ, ಹಿಂಡಿ ಹಾಕಿದೆ, ಇನ್ನೊಂದು ಸೌಟು ಬೇಳೆ ಹಾಕಿದೆ. ಒಂದು ಕ್ಷಣ ನನ್ನನ್ನು ದಿಟ್ಟಿಸಿದರು, ಆಮೇಲೆ ಉಂಡರು. ಎರಡು ದಿನ ಸುಮ್ಮನೆ ಉಂಡವರು ಮೂರನೆಯ ದಿನ, "ಹಿಂಡ್ಯಾಗ ಬಳ್ಳೊಳ್ಳಿ ಕಡಿಮಿ ಆಗ್ಯಾದ," ಎಂದರು. ಆಗ ನನಗೆ ಸಮಾಧಾನವಾಯಿತು. ಊಟದ ರುಚಿ ಹುಡುಕುತ್ತಿದ್ದಾರೆ ಎಂದರೆ ದಾರಿಗೆ ಬಂದ ಹಾಗೆ.

ನನ್ನ ಪಾಡು ಬೇರೆ. ಬಡಿಸುವ ಅಧಿಕಾರ ಕೈಗೆ ಬಂದದ್ದೇ ಅತ್ತೆ ಜಿಮ್ಮಿನ ಹುಡುಗಿಗಿಂತ ಬಿಗಿಯಾದರು. "ಇನ್ನರ್ಧ ರೊಟ್ಟಿ ಹಾಕ್ರಿ" ಎಂದರೆ, ಹುಂಚಿಕ್ಕಿನ ಸೊಪ್ಪಿನ ಪಲ್ಯ ಹಾಕಿ, "ಇದನ್ನ ತಿನ್ನು, ಹೊಟ್ಟಿ ತುಂಬ್ತದ" ಎನ್ನುತ್ತಿದ್ದರು. ರಾತ್ರಿಯೇ ನಾಳೆಯ ಕಾಳು ನೆನೆಹಾಕುತ್ತ, ನಾಳೆ ಕಾಲಿನ ವ್ಯಾಯಾಮ, ಅದಕ್ಕೆ ಮಡಕಿಕಾಳಿನ ಉಸಳಿ ಇರಲಿ ಎಂದು ಅವರೇ ಗೊತ್ತು ಮಾಡತೊಡಗಿದರು.

ಹೀಗಿರುವಾಗ ಕಮಲಾಪುರದಿಂದ ಕರೆ ಬಂತು. ಅದು ಅತ್ತೆಯ ತವರು. ಅವರ ತಮ್ಮನ ಬಸುರಿ ಸೊಸೆಯ ಕುಬಸ. ಹೊರಡುವ ಮುಂಚೆ ಹೋಳಿಗೆ ಊಟಕ್ಕೆ ಏನು ಮಾಡುವುದೆಂದು ಅತ್ತೆಯೊಂದಿಗೆ ಮಾತಾಡಿದೆ. "ನಾ ಉಣ್ತೀನಿ, ನೀ ಒಂದು," ಎಂದರು. ಬೆಳಿಗ್ಗೆ ಇಬ್ಬರೂ ಗಟ್ಟಿ ಬೇಳೆ ಉಂಡು ಬಸ್ಸು ಹತ್ತಿದೆವು.

ಅಂಗಳದಲ್ಲಿ ಊಟದ ಸಾಲು ಹಾಸಿದ್ದರು. ಮುತ್ತೈದೆಯರು ಕೂತರು. ಅತ್ತೆಯ ತಮ್ಮ ಕುರ್ಚಿ ಹೊತ್ತು ತಂದ. "ಅಕ್ಕಾ, ನೀ ಇದರ ಮ್ಯಾಲ ಕೂಡು."

"ಬ್ಯಾಡ ಬಿಡು," ಎಂದು ಅತ್ತೆ ಸಾಲಿನಲ್ಲಿ ನೆಲಕ್ಕೇ ಕಾಲು ಮಡಚಿ ಚಕ್ಕಂಬಟ್ಟಲ ಹಾಕಿ ಕೂತರು. ಕಾಯಿಲೆಯ ನಂತರ ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೆ ಹೋಳಿಗೆಯ ಮೇಲಿನ ಲಕ್ಷ್ಯ ತಪ್ಪಿತು. ಏಳುವುದು ಹೇಗೆ ಎಂಬುದೇ ಚಿಂತೆ. ಅವರಿಗೆ ಆ ಚಿಂತೆ ಇದ್ದ ಹಾಗಿರಲಿಲ್ಲ. ಹಾಲು ತುಪ್ಪ ಹಾಕಿಸಿಕೊಂಡು ಎರಡು ಹೋಳಿಗೆ ಉಂಡು ಮೂರನೆಯದಕ್ಕೆ ಕೈಯೊಡ್ಡಿದರು. ಬಡಿಸುವವಳು ನನ್ನೆದುರು ಬಂದಾಗ, "ಆಕಿಗಿ ಸಾಕು, ಮುಂದ ಹೋಗವ್ವಾ," ಎಂದರು.

ಊಟ ಮುಗಿಯಿತು. ಒಂದು ಕಡೆಯಿಂದ ನಾನು, ಇನ್ನೊಂದು ಕಡೆಯಿಂದ ಅವರ ತಮ್ಮ ಧಾವಿಸಿದೆವು. ಅತ್ತೆ ಎಡಗೈಯಿಂದ ಇಬ್ಬರನ್ನೂ ದೂರ ನಿಲ್ಲಿಸಿದರು. ಒಂದು ಮೊಣಕಾಲು ನೆಲಕ್ಕೂರಿ, ಇನ್ನೊಂದು ಪಾದ ಮುಂದಿಟ್ಟು, ತೊಡೆಯ ಮೇಲೆ ಅಂಗೈ ಒತ್ತಿ, ಸಾವಕಾಶ ಎದ್ದು ನಿಂತರು. ನಡುವೆ ಒಮ್ಮೆ ವಾಲಿದರು, ಆದರೆ ಯಾರನ್ನೂ ಹಿಡಿಯಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಉಳಿದವರು ಕೈ ತೊಳೆಯಲು ಹೊರಟಿದ್ದರು, ಯಾರೂ ಗಮನಿಸಲಿಲ್ಲ.

ಅತ್ತೆಯ ತಮ್ಮ, ಕುರ್ಚಿಯ ಬೆನ್ನು ಹಿಡಿದುಕೊಂಡೇ, ಕೇಳಿದ, "ಅಕ್ಕಾ, ಏನ್ ತಿನ್ಲಾಕತ್ತೀ ನೀ?"

"ಸೊಸಿ ಹಾಕಿದ್ದು," ಎಂದರು ಅತ್ತೆ, ಉಂಡ ಕೈ ಒಣಗಿಸಿಕೊಂಡು.

ಮಧ್ಯಾಹ್ನವಿಡೀ ಒಳಗಿನ ಕೋಣೆಯಲ್ಲಿ ಅವರದೇ ಮಾತು. ತಮ್ಮ ವಾರಗೆಯ ಹೆಂಗಸರನ್ನು ಮಂಚದ ಅಂಚಿಗೆ ಕೂಡಿಸಿ ಕೈ ಊರದೆ ಏಳಿಸುತ್ತಿದ್ದರು. ಬಸುರಿ ಹುಡುಗಿ ನಕ್ಕೂ ನಕ್ಕೂ ಸಾಕಾಗಿ, "ಅತ್ತೀ, ಹೊಟ್ಟಿ ನೋಯ್ತದ, ಬಿಡ್ರಿ," ಎಂದಳು. ಹೊರಡುವಾಗ ತಮ್ಮ ತನ್ನ ತೋಟದ ಕೆಂಪು ಬಾಳೆಹಣ್ಣಿನ ಚಿಪ್ಪುಗಳನ್ನು ಚೀಲಕ್ಕೆ ತುಂಬಿ ಕೊಟ್ಟ.

ನನ್ನ ತೂಕ ನಿಧಾನವಾಗಿ ಇಳಿಯಿತು. ಮುಂದಿನ ರಕ್ತ ಪರೀಕ್ಷೆ ನೋಡಿದ ಡಾಕ್ಟರು ಹೀಗೇ ಮುಂದುವರಿಸಿ ಎಂದರು. ಅತ್ತೆ ಮೈತುಂಬಿಕೊಂಡಿದ್ದಾರೆ, ಹೊಸ ಕುಪ್ಪಸ ಹೊಲಿಸಿಕೊಂಡಿದ್ದಾರೆ. ಈಗ ಹೆಚ್ಚಿನ ತೂಕ ಎತ್ತುತ್ತೇನೆಂದು ಜಿಮ್ಮಿನ ಹುಡುಗಿಯೊಂದಿಗೆ ದಿನಾ ವಾದ. ಅವಳು ಮುಂದಿನ ವಾರ ನೋಡೋಣ ಎನ್ನುತ್ತಾಳೆ. ಅತ್ತೆ ಅದಕ್ಕೆ ಸೊಪ್ಪು ಹಾಕುವುದಿಲ್ಲ, ಅವಳು ಆಚೆ ತಿರುಗಿದೊಡನೆ ನಾನು ಎತ್ತುವ ತೂಕವನ್ನೇ ಎತ್ತಿಕೊಂಡು ನಿಲ್ಲುತ್ತಾರೆ.